ಪರಂಪರೆ ಅಂತ ವಿಷಯ ಕೊಟ್ಟಿದ್ದಾರೆ, ಯಾವ ಫೋಟೋ ಕಳಿಸೋಣ?

ನಮ್ಮ ಕ್ಯಾಮೆರಾ ಕ್ಲಬ್ಬಿನ ಈ ಸಲದ ಸ್ಪರ್ಧೆಗೆ ವಿಷಯ ‘ಪರಂಪರೆ’. ವಿಷಯ ಗೊತ್ತಾದ ದಿನದಿಂದ ಗೆಳೆಯರು ಕೇಳುತ್ತಿರುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಯಾವ ಥರದ ಫೋಟೋ ಕಳಿಸಿದರೆ ಚೆನ್ನ? ಹಳೇ ಕಟ್ಟಡ ಇದ್ದರೆ ಸಾಕಾ? ಕಪ್ಪು ಬಿಳುಪು ಮಾಡಲಾ? ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಯಾಕಂದರೆ ಇದು ನನಗೆ ತುಂಬಾ ಹತ್ತಿರದ ವಿಷಯ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪರಂಪರೆಯ ಸ್ಪರ್ಧೆಗೆ ಬರುವ ಫೋಟೋ ಚೆಂದ ಇದ್ದರಷ್ಟೇ ಸಾಲದು. ಅದರಲ್ಲಿರುವುದು ಏನು, ಎಲ್ಲಿಯದು, ಫೋಟೋ ತೆಗೆದ ದಿನ ಅದು ಯಾವ ಸ್ಥಿತಿಯಲ್ಲಿತ್ತು ಅನ್ನೋದು ನೋಡಿದವರಿಗೆ ತಿಳಿಯಬೇಕು. ಐವತ್ತು ವರ್ಷದ ನಂತರ ಯಾರೋ ಅದನ್ನು ತೆಗೆದು ನೋಡಿದರೆ ಅವರ ಕೆಲಸಕ್ಕೆ ಬರಬೇಕು. ಹಕ್ಕಿ, ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ, ಬೀದಿ ಬದುಕು, ಇವೆಲ್ಲದರಲ್ಲೂ ಒಳ್ಳೆ ಚಿತ್ರ ಅಂದರೆ ಒಳ್ಳೆ ಚಿತ್ರ ಅಷ್ಟೇ. ಈ ವಿಷಯಕ್ಕೆ ಮಾತ್ರ ಇನ್ನೊಂದು ಹೊಣೆಯೂ ಇದೆ. ಎದುರಿಗಿರುವ ವಸ್ತು ನಾಳೆ ಇರುತ್ತದೆ ಅನ್ನೋ ಖಾತ್ರಿ ಇಲ್ಲ.

ಇಂಥ ಸ್ಪರ್ಧೆಗಳಿಗೆ ಬರುವ ಎಂಟ್ರಿಗಳನ್ನು ಒಟ್ಟಿಗೆ ಹರವಿಕೊಂಡು ನೋಡಿದರೆ ಬಹಳಷ್ಟು ಒಂದೇ ಥರ ಕಾಣುತ್ತವೆ. ಸೂರ್ಯ ಮುಳುಗುವ ಹೊತ್ತಿಗೆ ಗೋಪುರದ ಕಪ್ಪು ಆಕಾರ. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ ನಿಮಿಷಗಟ್ಟಲೆ ಎಕ್ಸ್‌ಪೋಶರ್ ಕೊಟ್ಟು ತೆಗೆದ, ಮೋಡಗಳು ಉದ್ದಕ್ಕೆ ಎಳೆದುಕೊಂಡು ಹೋಗಿರುವ ಆಕಾಶ, ಅದರ ಕೆಳಗೆ ಎಲ್ಲೋ ಒಂದು ಕಟ್ಟಡ. ಕಂಬಗಳ ಸಾಲಿನ ನಡುವೆ ಕೆಂಪು ಬಟ್ಟೆ ತೊಟ್ಟು ಬೆನ್ನು ತೋರಿಸಿ ನಡೆಯುವ ಮಾಡೆಲ್. ಹಲವು ಎಕ್ಸ್‌ಪೋಶರ್ ಬೆರೆಸುವ ಎಚ್‌ಡಿಆರ್ ಜಾಸ್ತಿಯಾಗಿ ಕಲ್ಲೆಲ್ಲ ಲೋಹದ ಥರ ಹೊಳೆಯುವ ಚಿತ್ರ. ಇವು ಯಾವುದೂ ಕೆಟ್ಟ ಫೋಟೋಗಳಲ್ಲ. ಇವುಗಳ ಹಿಂದೆ ಶ್ರಮ ಇದೆ, ಬೆಳಗಿನ ಜಾವ ಎದ್ದು ಹೋಗಿ ಕಾದ ತಾಳ್ಮೆ ಇದೆ. ಆದರೆ ಆ ಗೋಪುರದ ಜಾಗದಲ್ಲಿ ಬೇರೆ ಯಾವ ಗೋಪುರ ಇಟ್ಟರೂ ಚಿತ್ರ ಬದಲಾಗುವುದಿಲ್ಲ, ಅಲ್ವಾ? ನನ್ನ ತಕರಾರು ಇಷ್ಟೇ.

ಹೀಗಾಗುವುದಕ್ಕೆ ಕಾರಣವೂ ಇದೆ. ಕತ್ತಲೆ ಕೋಣೆಯಲ್ಲಿ ಮೂವರು ತೀರ್ಪುಗಾರರು ಕೂತಿರುತ್ತಾರೆ, ಪರದೆಯ ಮೇಲೆ ಚಿತ್ರಗಳು ಒಂದಾದ ಮೇಲೊಂದು ಬರುತ್ತಿರುತ್ತವೆ. ಒಂದೊಂದಕ್ಕೆ ಸಿಗುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಅಂಕ ಒತ್ತಬೇಕು. ಅಂಥ ಹೊತ್ತಲ್ಲಿ ಗಟ್ಟಿ ಆಕಾರ, ಗಾಢ ಬಣ್ಣ, ಒಂದೇ ಒಂದು ವಿಷಯ ಇರುವ ಚಿತ್ರ ತಟ್ಟನೆ ಗೆಲ್ಲುತ್ತದೆ. ನಿಧಾನವಾಗಿ ನೋಡಬೇಕಾದ ಚಿತ್ರ ಹಿಂದೆ ಬೀಳುತ್ತದೆ. ಸ್ಪರ್ಧಿಗಳಿಗೆ ಇದು ಚೆನ್ನಾಗಿ ಗೊತ್ತು, ಹಾಗಾಗಿ ಗೆಲ್ಲುವಂಥದ್ದನ್ನೇ ಕಳಿಸುತ್ತಾರೆ. ಅದಕ್ಕೇ ಈ ಒಂದು ವಿಭಾಗಕ್ಕಾದರೂ ತೀರ್ಪಿನ ಕ್ರಮ ಬೇರೆ ಇರಲಿ ಅಂತ ನಾನು ಕೇಳಿಕೊಳ್ಳುತ್ತಿದ್ದೇನೆ. ಶೀರ್ಷಿಕೆಯ ಜೊತೆ ಎರಡು ಸಾಲು ವಿವರವನ್ನೂ ಓದಿ ಹೇಳಲಿ, ಆಮೇಲೆ ಅಂಕ ಹಾಕಲಿ. ಎಂಟ್ರಿಗಳ ಸಂಖ್ಯೆ ಕಡಿಮೆ ಮಾಡಬೇಕಾದರೂ ಪರವಾಗಿಲ್ಲ.

ಇನ್ನು ಪರಂಪರೆ ಅಂದರೆ ಏನೇನು ಬರುತ್ತದೆ ಅನ್ನೋದು. ಹಳೇ ಕಟ್ಟಡ ಅಂತ ಅಂದುಕೊಂಡು ಅಲ್ಲಿಗೇ ನಿಲ್ಲಿಸುವವರೇ ಜಾಸ್ತಿ. 1972ರಲ್ಲಿ ಯುನೆಸ್ಕೊ ಮಾಡಿಕೊಂಡ ವಿಶ್ವ ಪರಂಪರೆಯ ಒಪ್ಪಂದದಲ್ಲೇ ಮನುಷ್ಯ ಕಟ್ಟಿದ್ದು, ನಿಸರ್ಗದಲ್ಲಿ ಇರುವುದು ಎರಡೂ ಇವೆ. 1978ರಲ್ಲಿ ಬಂದ ಮೊದಲ ಪಟ್ಟಿಯಲ್ಲಿ 12 ಜಾಗಗಳಿದ್ದವು. ಅದರಲ್ಲಿ ಗಲಾಪಗೋಸ್ ದ್ವೀಪಗಳಿವೆ, ಅಮೆರಿಕದ ಯೆಲ್ಲೋಸ್ಟೋನ್ ಇದೆ, ಇಥಿಯೋಪಿಯಾದ ಲಾಲಿಬೆಲದಲ್ಲಿ ಬಂಡೆ ಕೊರೆದು ಮಾಡಿದ ಚರ್ಚುಗಳಿವೆ, ಪೋಲೆಂಡಿನ ವಿಯೆಲಿಚ್ಕಾ ಅನ್ನೋ ಉಪ್ಪಿನ ಗಣಿ ಕೂಡ ಇದೆ. ಉಪ್ಪಿನ ಗಣಿ! ನೂರಾರು ವರ್ಷ ಜನ ಕೆಲಸ ಮಾಡಿದ ಜಾಗ ಅದು. ಆಮೇಲೆ 2003ರಲ್ಲಿ ಇನ್ನೊಂದು ಒಪ್ಪಂದ ಬಂತು. ಹಾಡು, ಕುಣಿತ, ಕಥೆ ಹೇಳುವ ರೀತಿ, ಹಬ್ಬದ ಆಚರಣೆ, ಕೈಕಸುಬು, ಹೀಗೆ ಮುಟ್ಟಿ ಹಿಡಿಯಲಾಗದ ಪರಂಪರೆಗೂ ಅದರಲ್ಲಿ ಜಾಗ ಸಿಕ್ಕಿತು.

ಅಂದರೆ ನಿಮ್ಮ ಆಯ್ಕೆ ತುಂಬಾ ದೊಡ್ಡದು. ಅಚ್ಚುಮೊಳೆ ಜೋಡಿಸುವ ಕೈ, ದೋಣಿ ಕಟ್ಟುವವರ ಉಳಿ, ಕೈಯಲ್ಲಿ ಬರೆದ ಅಂಗಡಿ ಬೋರ್ಡು, ಹಳೇ ರೈಲ್ವೆ ಸಿಗ್ನಲ್ಲಿನ ಸನ್ನೆಕೋಲು, ಊರಿನ ನೀರಿನ ಕಾಲುವೆ, ಎಲ್ಲವೂ ಆದೀತು. ಇವುಗಳಲ್ಲಿ ಬಹಳಷ್ಟು ಯಾವ ಪಟ್ಟಿಯಲ್ಲೂ ಇಲ್ಲ, ಕಾಪಾಡುವವರೂ ಇಲ್ಲ. ಹೆಸರಾದ ಸ್ಮಾರಕದ ಫೋಟೋ ಲಕ್ಷಾಂತರ ಜನ ತೆಗೆದಿದ್ದಾರೆ. ಇವುಗಳದ್ದು ಯಾರೂ ತೆಗೆದಿರುವುದಿಲ್ಲ.

ಹಿಂದೆ ಇದೇ ಥರದ ಒಂದು ವಿಷಯಕ್ಕೆ ಬಂದಿದ್ದ ಚಿತ್ರ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಒಂದು ಗಡಿಯಾರ ಗೋಪುರದ ಒಳಗೆ ನಿಂತು ತೆಗೆದದ್ದು. ಎಡಗಡೆ ಮಂಜುಗಾಜಿನ ಡಯಲ್ಲಿನ ಹಿಂಬದಿ, ಹೊರಗಿನ ಬೆಳಕು ಅದರ ಮೂಲಕ ಒಳಗೆ ಬರುತ್ತಿದೆ, ಅಂಕಿಗಳೆಲ್ಲ ತಿರುಗಾಮುರುಗಾ ಕಾಣುತ್ತಿವೆ. ನಡುವೆ ಕಬ್ಬಿಣದ ಚೌಕಟ್ಟು, ಹಲ್ಲುಚಕ್ರಗಳು, ಹಲ್ಲುಗಳ ಸಂದಿಯಲ್ಲಿ ಕಪ್ಪಗೆ ಗಟ್ಟಿಯಾದ ಗ್ರೀಸು. ಕೀಲಿ ಕೊಡುವ ದೊಡ್ಡ ಹಿಡಿಯ ಮೇಲೆ ಒಂದು ಕೈ. ಹಿಡಿಯ ಉಳಿದ ಭಾಗಕ್ಕೆಲ್ಲ ತುಕ್ಕು, ಕೈ ತಾಗುವ ಒಂದು ಗೇಣು ಜಾಗ ಮಾತ್ರ ನುಣ್ಣಗೆ ಮಿನುಗುತ್ತಿದೆ. ಹಿಂದಿನ ಗೋಡೆಯ ಸುಣ್ಣದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ತಾರೀಖುಗಳು, ಪಕ್ಕದಲ್ಲಿ ಹೆಸರಿನ ಮೊದಲ ಅಕ್ಷರಗಳು. ಎಣ್ಣೆ ಹಾಕಿದವರು, ರಿಪೇರಿ ಮಾಡಿದವರು ಒಬ್ಬರಾದ ಮೇಲೊಬ್ಬರು ಬರೆದಿಟ್ಟು ಹೋದ ಲೆಕ್ಕ ಅದು. ಬೇರೆ ಬೇರೆ ಕೈಬರಹ, ಕೆಳಗಿನ ಸಾಲುಗಳು ಅರ್ಧ ಅಳಿಸಿಹೋಗಿವೆ.

ಆ ಚಿತ್ರಕ್ಕೆ ಸಿಕ್ಕಿದ್ದು ಸಾಧಾರಣ ಅಂಕ. ಚಿತ್ರದಲ್ಲಿ ಗಜಿಬಿಜಿ ಜಾಸ್ತಿ, ಕಣ್ಣು ಒಂದು ಕಡೆ ನಿಲ್ಲುವುದಿಲ್ಲ ಅಂತ ಕಾರಣ ಕೊಟ್ಟರು. ನನ್ನ ಪಾಲಿಗೆ ಆ ದಿನದ ಅತಿ ಒಳ್ಳೆಯ ಚಿತ್ರ ಅದೇ. ಗೋಪುರವನ್ನು ಹೊರಗಿನಿಂದ ಎಲ್ಲರೂ ತೆಗೆದಿದ್ದಾರೆ, ಇವರು ಮೆಟ್ಟಿಲು ಹತ್ತಿ ಒಳಗೆ ಹೋಗಿ, ಕೀಲಿ ಕೊಡುವವರ ಜೊತೆ ಮಾತಾಡಿ, ಅವರು ಕೆಲಸ ಮಾಡುವ ಹೊತ್ತಿಗೆ ಸರಿಯಾಗಿ ಅಲ್ಲಿದ್ದು ತೆಗೆದಿದ್ದಾರೆ. ನಾಳೆ ಅಲ್ಲಿ ವಿದ್ಯುತ್ ಮೋಟಾರು ಕೂತು, ಗೋಡೆಗೆ ಹೊಸ ಬಣ್ಣ ಬಿದ್ದರೆ ಆ ಪೆನ್ಸಿಲ್ ಸಾಲುಗಳು ಉಳಿಯುವುದು ಈ ಫೋಟೋದಲ್ಲಿ ಮಾತ್ರ.

ಹಳೆಯದನ್ನು ಉಳಿಸಿಕೊಳ್ಳುವ ಆಸೆಗೂ ಕ್ಯಾಮೆರಾಗೂ ನಂಟು ಹೊಸದೇನಲ್ಲ. ನಮಗೆ ಉಳಿದಿರುವ ಅತ್ಯಂತ ಹಳೆಯ ನೆಗೆಟಿವ್ 1835ರದ್ದು. ಇಂಗ್ಲೆಂಡಿನ ಲೇಕಾಕ್ ಅಬ್ಬೆಯ ಒಂದು ಕಿಟಕಿಯನ್ನು, ಛಾಯಾಗ್ರಹಣದ ಮೊದಲಿಗರಲ್ಲಿ ಒಬ್ಬನಾದ ಫಾಕ್ಸ್ ಟ್ಯಾಲ್ಬಟ್ ಒಳಗಿನಿಂದ ತೆಗೆದ ಚಿತ್ರ ಅದು. ಆ ಮನೆ ಆಗಲೇ ನೂರಾರು ವರ್ಷ ಹಳೆಯದು, ಹಿಂದೆ ಸನ್ಯಾಸಿನಿಯರ ಮಠವಾಗಿತ್ತು. 1851ರಲ್ಲಿ ಫ್ರಾನ್ಸಿನ ಐತಿಹಾಸಿಕ ಸ್ಮಾರಕಗಳ ಆಯೋಗ ಐದು ಜನ ಛಾಯಾಗ್ರಾಹಕರನ್ನು ದೇಶದ ಬೇರೆ ಬೇರೆ ಕಡೆಗೆ ಕಳಿಸಿತು. ಬಾಲ್ಡ್ಯುಸ್, ಬಯಾರ್, ಲ ಗ್ರೇ, ಲ ಸೆಕ್, ಮೆಸ್ತ್ರಾಲ್ ಅವರ ಹೆಸರುಗಳು. ಯಾವ ಕಟ್ಟಡಗಳಿಗೆ ರಿಪೇರಿ ಬೇಕು ಅಂತ ತಿಳಿಯೋದಕ್ಕೆ ಸರಕಾರಕ್ಕೆ ಆ ಫೋಟೋಗಳು ಬೇಕಾಗಿದ್ದವು. ಅವರು ತೆಗೆದು ತಂದರು, ಆಯೋಗ ಅವನ್ನು ಕಡತದಲ್ಲಿ ಸೇರಿಸಿಟ್ಟಿತು, ಆಗ ಪುಸ್ತಕವಾಗಿ ಹೊರಗೆ ಬರಲೇ ಇಲ್ಲ. ಇವತ್ತು ಅದೇ ಚಿತ್ರಗಳನ್ನು ಛಾಯಾಗ್ರಹಣದ ಚರಿತ್ರೆಯ ದೊಡ್ಡ ಕೆಲಸ ಅಂತ ಕೊಂಡಾಡುತ್ತಾರೆ.

ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ಲಿನ್ನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರುಗಳಿಗೆ ಬಂದು ಅಲ್ಲಿನ ದೇವಾಲಯಗಳ ಫೋಟೋ ತೆಗೆದ. ಮರುವರ್ಷ ಮದ್ರಾಸಿನಲ್ಲಿ ನಡೆದ ದೊಡ್ಡ ಪ್ರದರ್ಶನಕ್ಕೆ ಕಳಿಸಿ ಮೊದಲ ದರ್ಜೆಯ ಪದಕ ಪಡೆದ. ಪರಂಪರೆಯ ಫೋಟೋಗೆ ಬಹುಮಾನ ಕೊಡುವ ಪದ್ಧತಿ ಅಷ್ಟು ಹಿಂದಿನಿಂದಲೂ ಇದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಅನ್ನೋ ಜರ್ಮನ್ ಎಂಜಿನಿಯರಿನ ಕಥೆ. 1858ರಲ್ಲಿ ಆತ ವೆಟ್ಸ್ಲರ್ ಊರಿನ ಕೆಥೆಡ್ರಲ್ಲಿನ, ಅಂದರೆ ದೊಡ್ಡ ಚರ್ಚಿನ, ಅಳತೆ ತೆಗೆದುಕೊಳ್ಳುತ್ತಿದ್ದ. ಎತ್ತರದಲ್ಲಿ ಗೋಡೆಯ ಪಕ್ಕ ಕೆಲಸ ಮಾಡುವಾಗ ಬೀಳುವುದರಲ್ಲಿದ್ದು ಕೂದಲೆಳೆಯಲ್ಲಿ ಪಾರಾದ. ಇಷ್ಟು ಅಪಾಯ ಯಾಕೆ, ಸರಿಯಾಗಿ ತೆಗೆದ ಫೋಟೋದಿಂದಲೇ ಅಳತೆ ಹಿಡಿಯಬಹುದಲ್ಲ ಅಂತ ಹೊಳೆದದ್ದು ಆಗ. ಅದರ ಬೆನ್ನು ಹತ್ತಿ ಹೋಗಿ, 1885ರಲ್ಲಿ ಬರ್ಲಿನ್ನಿನಲ್ಲಿ ಕಟ್ಟಡಗಳನ್ನು ಫೋಟೋ ಮೂಲಕ ಅಳೆಯುವುದಕ್ಕೇ ಒಂದು ಸರಕಾರಿ ಸಂಸ್ಥೆ ಶುರುವಾಯಿತು. ಸಾವಿರಾರು ಗಾಜಿನ ಪ್ಲೇಟುಗಳು ಅಲ್ಲಿ ಸೇರಿದವು. ಎರಡನೇ ಮಹಾಯುದ್ಧದಲ್ಲಿ ನೆಲಕಚ್ಚಿದ ಕಟ್ಟಡಗಳನ್ನು ಮತ್ತೆ ಕಟ್ಟುವಾಗ ಆ ಪ್ಲೇಟುಗಳನ್ನು ತೆಗೆದು ಅಳತೆ ನೋಡಿದರು.

ಕ್ಲಬ್ಬಿನವರಾದ ನಾವು ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. 1890ರ ಹೊತ್ತಿಗೆ ಇಂಗ್ಲೆಂಡಿನ ಹವ್ಯಾಸಿ ಫೋಟೋ ಸಂಘಗಳು ತಮ್ಮ ತಮ್ಮ ಸುತ್ತಮುತ್ತಲನ್ನು ದಾಖಲು ಮಾಡುವ ಕೆಲಸ ಹಚ್ಚಿಕೊಂಡವು. ವಾರ್ವಿಕ್‌ಷೈರಿನಲ್ಲಿ ಬರ್ಮಿಂಗ್‌ಹ್ಯಾಮಿನ ಸಂಘದವರು ಶುರು ಮಾಡಿದ್ದು ಉಳಿದವರಿಗೂ ಮಾದರಿಯಾಯಿತು. ಸಂಸತ್ ಸದಸ್ಯನಾಗಿದ್ದ ಬೆಂಜಮಿನ್ ಸ್ಟೋನ್ 1897ರಲ್ಲಿ ಇದನ್ನೇ ದೇಶದ ಮಟ್ಟಕ್ಕೆ ಒಯ್ದು ಒಂದು ಸಂಘ ಕಟ್ಟಿದ. ಬೇಗ ಮಾಸಿಹೋಗದ ಪ್ರಿಂಟ್‌ಗಳೇ ಆಗಬೇಕು, ವಿವರ ಜೊತೆಗಿರಬೇಕು ಅಂತ ಪಟ್ಟು ಹಿಡಿದರು. ಕಟ್ಟಡಗಳ ಜೊತೆಗೆ ಹಳ್ಳಿಗಳ ಆಚರಣೆ, ಕುಣಿತ, ವೇಷಗಳನ್ನೂ ತೆಗೆದರು. ಸಾವಿರಗಟ್ಟಲೆ ಪ್ರಿಂಟ್‌ಗಳು ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿದವು. ನಮ್ಮ ಥರ ರಜೆಯಲ್ಲಿ ಕ್ಯಾಮೆರಾ ಹಿಡಿದು ಹೊರಡುವವರೇ ಮಾಡಿದ ಕೆಲಸ ಅದು.

ಇತ್ತೀಚಿನದ್ದು ಬೇಕಾದರೆ ಬಾಮಿಯಾನ್ ನೋಡಿ. ಅಫ್ಘಾನಿಸ್ತಾನದ ಆ ದೊಡ್ಡ ಬುದ್ಧನ ಮೂರ್ತಿಗಳನ್ನು 2001ರ ಮಾರ್ಚಿನಲ್ಲಿ ಸ್ಫೋಟಿಸಿ ನಾಶ ಮಾಡಿದರು. ಆಮೇಲೆ ಜ್ಯೂರಿಕ್ಕಿನ ಇಟಿಎಚ್ ವಿಶ್ವವಿದ್ಯಾಲಯದ ತಂಡ ಹಳೆಯ ಫೋಟೋಗಳಿಂದಲೇ ದೊಡ್ಡ ಮೂರ್ತಿಯ ಮೂರು ಆಯಾಮದ ಮಾದರಿ ಮಾಡಿತು. 1970ರಲ್ಲಿ ಆಸ್ಟ್ರಿಯಾದ ಪ್ರಾಧ್ಯಾಪಕರೊಬ್ಬರು ಅಳತೆಗೆಂದೇ ತೆಗೆದಿದ್ದ ಚಿತ್ರಗಳು ಅವರಿಗೆ ಸಿಕ್ಕಿದ್ದವು. ಪ್ರವಾಸಿಗಳು ಸುಮ್ನೆ ನೆನಪಿಗೆ ಅಂತ ತೆಗೆದ ಚಿತ್ರಗಳನ್ನೂ ಅವರು ಬಳಸಿ ನೋಡಿದರು. ಇಂಥ ಕೆಲಸಕ್ಕೆ ಸೂರ್ಯಾಸ್ತದ ಕಪ್ಪು ಆಕಾರದಿಂದ ಏನು ಸಿಗುತ್ತದೆ ಹೇಳಿ. ಬೆಳಕಿದ್ದಾಗ ನೇರವಾಗಿ ನಿಂತು ತೆಗೆದ ಸರಳ ಚಿತ್ರವೇ ಬೇಕು.

ಈಗ ತೆಗೆಯುವ ವಿಚಾರಕ್ಕೆ ಬರುತ್ತೇನೆ. ಕಟ್ಟಡ ತೆಗೆಯುವವರು ಎದುರಿಸುವ ಮೊದಲ ತೊಂದರೆ ಅಂದರೆ ಗೋಡೆಗಳು ಹಿಂದಕ್ಕೆ ವಾಲಿದ ಹಾಗೆ ಕಾಣುವುದು. ಕ್ಯಾಮೆರಾವನ್ನು ಮೇಲಕ್ಕೆ ಎತ್ತಿ ಹಿಡಿದರೆ ಹಾಗಾಗುತ್ತದೆ. ಸೆನ್ಸರ್ ನೆಲಕ್ಕೆ ಲಂಬವಾಗಿದ್ದರೆ ಗೋಡೆ ನೆಟ್ಟಗಿರುತ್ತದೆ. ಹಿಂದಕ್ಕೆ ಹೋಗಿ, ಎದುರಿನ ಕಟ್ಟಡದ ಮೊದಲ ಮಹಡಿಗೆ ಹತ್ತಲು ಬಿಡುತ್ತಾರಾ ಕೇಳಿ, ಅರ್ಧ ಎತ್ತರದಿಂದ ತೆಗೆದರೆ ಬಹಳ ವ್ಯತ್ಯಾಸ ಆಗುತ್ತದೆ. ಕ್ಯಾಮೆರಾ ಎತ್ತದೆ ಲೆನ್ಸನ್ನಷ್ಟೇ ಮೇಲಕ್ಕೆ ಸರಿಸಬಹುದಾದ ಟಿಲ್ಟ್ ಶಿಫ್ಟ್ ಲೆನ್ಸ್ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಬೆಲೆ ಜಾಸ್ತಿ. ಸಾಫ್ಟ್‌ವೇರಿನಲ್ಲಿ ಸರಿಮಾಡುವುದಾದರೆ ತೆಗೆಯುವಾಗಲೇ ಸುತ್ತ ಸಾಕಷ್ಟು ಜಾಗ ಬಿಟ್ಟುಕೊಳ್ಳಿ, ಇಲ್ಲವಾದರೆ ನೆಟ್ಟಗೆ ಮಾಡಿ ಕ್ರಾಪ್ ಮಾಡುವ ಹೊತ್ತಿಗೆ ಶಿಖರವೇ ಕತ್ತರಿಸಿ ಹೋಗುತ್ತದೆ.

ಬೆಳಕಿನ ಬಗ್ಗೆ ಎಲ್ಲರೂ ಹೇಳುವ ಮಾತು ಬೆಳಗ್ಗೆ, ಸಂಜೆ ಹೋಗಿ ಅಂತ. ಅದು ಆಕಾಶಕ್ಕೆ ಸರಿ. ಕೆತ್ತನೆಗೆ ಬೇಕಾದದ್ದು ಪಕ್ಕದಿಂದ ಬೀಳುವ ಬೆಳಕು, ಅದು ಯಾವ ಹೊತ್ತಿಗೆ ಬೀಳುತ್ತದೆ ಅನ್ನೋದು ಆ ಗೋಡೆ ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನೋದರ ಮೇಲೆ ಹೋಗುತ್ತದೆ. ಕೆಲವು ಗೋಡೆಗಳಿಗೆ ನಡು ಮಧ್ಯಾಹ್ನವೇ ಒಳ್ಳೆ ಹೊತ್ತು, ಸೂರ್ಯ ನೆತ್ತಿಯ ಮೇಲಿದ್ದಾಗ ಬೆಳಕು ಗೋಡೆಯನ್ನು ಸವರಿಕೊಂಡು ಇಳಿಯುತ್ತದೆ, ಪ್ರತಿ ಗೆರೆಯ ಕೆಳಗೂ ನೆರಳು ಬೀಳುತ್ತದೆ. ಬಣ್ಣದ ಚಿತ್ತಾರ, ಮರದ ಕೆಲಸ ಇದ್ದರೆ ಮೋಡ ಕವಿದ ದಿನ ಹೋಗಿ.

ಸವೆದುಹೋದ ಶಾಸನದ ಕಲ್ಲಿಗೆ ಒಂದು ಉಪಾಯ ಇದೆ. ನೆರಳಿನಲ್ಲಿರುವ ಕಲ್ಲಾಗಲಿ, ಇಲ್ಲವೇ ಕತ್ತಲಾದ ಮೇಲಾಗಲಿ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನೇರ ಎದುರಿಗೆ ಇಡಿ. ಟಾರ್ಚನ್ನು ಒಂದು ಪಕ್ಕದಲ್ಲಿ, ಕಲ್ಲಿನ ಮೈಗೆ ಹೆಚ್ಚುಕಡಿಮೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಬರಿಗಣ್ಣಿಗೆ ಚಪ್ಪಟೆಯಾಗಿ, ಖಾಲಿಯಾಗಿ ಕಂಡ ಕಲ್ಲಿನ ಮೇಲೆ ಅಕ್ಷರಗಳು ಒಂದೊಂದಾಗಿ ಏಳುತ್ತವೆ. ಮೊದಲು ಉದ್ದಗೆರೆ, ಆಮೇಲೆ ಟಾರ್ಚನ್ನು ಮೇಲಿನಿಂದ ಹಿಡಿದರೆ ಅವು ಮಾಯವಾಗಿ ಅಡ್ಡಗೆರೆಗಳು ಕಾಣುತ್ತವೆ. ನಾಲ್ಕೂ ಕಡೆಯಿಂದ ಬೆಳಕು ಕೊಟ್ಟು ಒಂದೊಂದು ಫ್ರೇಮ್ ತೆಗೆದಿಟ್ಟುಕೊಳ್ಳಿ. ಇದೇ ತತ್ವದ ಮೇಲೆ ಎಚ್‌ಪಿ ಲ್ಯಾಬ್ಸಿನ ಟಾಮ್ ಮಾಲ್ಜ್‌ಬೆಂಡರ್ ತಂಡ 2001ರಲ್ಲಿ ಒಂದು ವಿಧಾನ ಹೊರತಂದಿತು. ಹಲವು ದಿಕ್ಕಿನ ಬೆಳಕಿನಲ್ಲಿ ತೆಗೆದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಸೇರಿಸಿ, ಪರದೆಯ ಮೇಲೆ ಬೆಳಕನ್ನು ಬೇಕಾದ ಕಡೆಗೆ ತಿರುಗಿಸಿ ನೋಡುವಂಥದ್ದು. ಗ್ರೀಸಿನ ಸಮುದ್ರದಲ್ಲಿ ಸಿಕ್ಕ ಆಂಟಿಕಿಥೆರಾ ಅನ್ನೋ ಪ್ರಾಚೀನ ಯಂತ್ರದ ಮೇಲಿನ ಸಣ್ಣ ಬರಹ ಓದುವುದಕ್ಕೆ ಅದನ್ನು ಬಳಸಿದರು. ನಮಗೆ ಒಂದು ಟಾರ್ಚು, ಒಂದು ಟ್ರೈಪಾಡು ಸಾಕು.

ದಯವಿಟ್ಟು ಅಕ್ಷರ ಕಾಣಲಿ ಅಂತ ಕಲ್ಲಿಗೆ ಸೀಮೆಸುಣ್ಣ ತಿಕ್ಕಬೇಡಿ, ನೀರು ಎರಚಬೇಡಿ, ಎಣ್ಣೆ ಹಚ್ಚಬೇಡಿ. ಒಳ್ಳೆ ಕೋನ ಸಿಗುತ್ತದೆ ಅಂತ ಹಳೇ ಗೋಡೆ ಹತ್ತಬೇಡಿ. ಹಳೆಯ ಬಣ್ಣದ ಚಿತ್ರಗಳಿರುವ ಕಡೆ ಫ್ಲ್ಯಾಶ್ ಬೇಡ. ಟ್ರೈಪಾಡ್, ಡ್ರೋನ್ ಎರಡಕ್ಕೂ ಬಹಳ ಕಡೆ ಮುಂಚೆಯೇ ಅನುಮತಿ ಬೇಕು, ಮೊದಲೇ ಬರೆದು ಕೇಳಿ. ಪರಂಪರೆಯ ಫೋಟೋ ತೆಗೆಯಲು ಹೋಗಿ ಅದಕ್ಕೇ ಗಾಯ ಮಾಡಿ ಬರುವುದನ್ನು ನನ್ನಿಂದ ಕ್ಷಮಿಸಲು ಆಗುವುದಿಲ್ಲ. ಅಂಥ ಎಂಟ್ರಿ ಎಷ್ಟೇ ಚೆನ್ನಾಗಿರಲಿ, ಕೈಬಿಡಬೇಕು.

ತಾಳ್ಮೆಯ ವಿಷಯಕ್ಕೆ ಫ್ರೆಡರಿಕ್ ಎವನ್ಸ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಪುಸ್ತಕದ ಅಂಗಡಿ ಇಟ್ಟುಕೊಂಡಿದ್ದವರು, ಅದನ್ನು ಬಿಟ್ಟು ಕೆಥೆಡ್ರಲ್‌ಗಳ ಫೋಟೋ ತೆಗೆಯಲು ನಿಂತರು. ಬೆಳಕು ಹೇಗೆ ಸರಿಯುತ್ತದೆ ಅಂತ ಒಂದೇ ಕಟ್ಟಡದ ಒಳಗೆ ದಿನಗಟ್ಟಲೆ ಸುತ್ತಾಡಿ ನೋಡುತ್ತಿದ್ದರು, ಆಮೇಲೆ ತೆಗೆಯುತ್ತಿದ್ದರು. 1903ರಲ್ಲಿ ವೆಲ್ಸ್ ಕೆಥೆಡ್ರಲ್ಲಿನ ಮೆಟ್ಟಿಲುಗಳನ್ನು ತೆಗೆದ ಅವರ ಚಿತ್ರ ಹುಡುಕಿ ನೋಡಿ. ಜನ ನೂರಾರು ವರ್ಷ ಹತ್ತಿ ಇಳಿದು ಕಲ್ಲು ನಡುವೆ ಸವೆದು ತಗ್ಗಾಗಿದೆ. ಚಿತ್ರದಲ್ಲಿ ಒಬ್ಬ ಮನುಷ್ಯನೂ ಇಲ್ಲ, ಆದರೂ ಅಲ್ಲಿ ನಡೆದವರೆಲ್ಲ ಇದ್ದಾರೆ. ಇಂಥ ಚಿತ್ರ ಚೆಂದವೂ ಹೌದು, ದಾಖಲೆಯೂ ಹೌದು. ಎರಡೂ ಒಂದೇ ಫ್ರೇಮಿನಲ್ಲಿ ಆಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಎಡಿಟಿಂಗ್ ಬಗ್ಗೆ ಜಗಳ ಪ್ರತಿ ಸಲವೂ ಇದ್ದದ್ದೇ. ಕಟ್ಟಡದ ಮುಂದೆ ಹಾದುಹೋದ ವಿದ್ಯುತ್ ತಂತಿ ತೆಗೆಯಬಹುದಾ? ಪಕ್ಕದ ಹೋರ್ಡಿಂಗ್? ನಿಲ್ಲಿಸಿರುವ ಬೈಕು? ನನ್ನ ಉತ್ತರ, ಬೇಡ. ತಂತಿ ಅಡ್ಡ ಬಂದರೆ ಜಾಗ ಬದಲಿಸಿ. ಬದಲಿಸಲು ಆಗದಿದ್ದರೆ ಅದು ಇರಲಿ, ಆ ಕಟ್ಟಡ ಈಗ ಬದುಕಿರುವುದು ಆ ತಂತಿಗಳ ನಡುವೆಯೇ. ಹೋರ್ಡಿಂಗನ್ನು ಅಳಿಸಿ ನೀವು ತೋರಿಸುವ ಬೀದಿ ಯಾವ ಕಾಲದಲ್ಲೂ ಇರಲಿಲ್ಲ. ಬಣ್ಣದ ಸಮತೋಲ, ಕಾಂಟ್ರಾಸ್ಟ್, ಕ್ರಾಪ್, ಗೋಡೆ ನೆಟ್ಟಗೆ ಮಾಡುವುದು, ಕತ್ತಲೆ ಒಳಾಂಗಣಕ್ಕೆ ಎರಡು ಮೂರು ಎಕ್ಸ್‌ಪೋಶರ್ ಸೇರಿಸುವುದು, ಇಷ್ಟಕ್ಕೆ ನನ್ನ ಅಡ್ಡಿ ಇಲ್ಲ. ಮೇಲೆ ಹೇಳಿದ ಫ್ರಾನ್ಸಿನ ಐವರಲ್ಲಿ ಬಾಲ್ಡ್ಯುಸ್ 1851ರಲ್ಲೇ ಆರ್ಲ್ ಊರಿನ ಒಂದು ಹಳೇ ಮಠದ ಪಡಸಾಲೆಯನ್ನು ಹಲವು ನೆಗೆಟಿವ್ ಜೋಡಿಸಿ ಒಂದೇ ಚಿತ್ರ ಮಾಡಿದ್ದ. ಒಳಗಿನ ಕತ್ತಲೆ, ಹೊರಗಿನ ಬೆಳಕು ಎರಡೂ ಒಂದೇ ನೆಗೆಟಿವಿನಲ್ಲಿ ಹಿಡಿಸುತ್ತಿರಲಿಲ್ಲ. ಇದ್ದದ್ದನ್ನು ಕಾಣುವ ಹಾಗೆ ಮಾಡಲು ಸೇರಿಸುವುದು ಸರಿ. ಇಲ್ಲದ ಆಕಾಶ ತಂದು ಅಂಟಿಸುವುದು, ಮೂರ್ತಿಯ ಮುರಿದ ಮೂಗನ್ನು ಎಐ ಕೈಲಿ ಬೆಳೆಸುವುದು ಬೇರೆ ಮಾತು. ಈ ವಿಭಾಗದಲ್ಲಿ ಅದಕ್ಕೆ ಜಾಗ ಇರಬಾರದು. ಕೊನೆಯ ಸುತ್ತಿಗೆ ಬಂದವರಿಂದ ರಾ ಫೈಲ್, ಅಂದರೆ ಕ್ಯಾಮೆರಾದಿಂದ ಬಂದ ತಿದ್ದದ ಮೂಲ ಫೈಲ್, ಕೇಳಿ ನೋಡುವ ನಿಯಮ ಇದ್ದರೆ ಒಳ್ಳೆಯದು.

ಶೀರ್ಷಿಕೆ. ಇಲ್ಲಿ ನನ್ನ ಸಣ್ಣ ಬೇಡಿಕೆ ಇದೆ. ‘ಕಾಲದ ಪಿಸುಮಾತು’, ‘ಮೌನ ಸಾಕ್ಷಿ’, ‘ಗತವೈಭವ’ ಇವುಗಳನ್ನು ಈ ಒಂದು ಸಲ ಬಿಡೋಣ. ಆ ವಸ್ತುವಿನ ಹೆಸರು ಬರೆಯಿರಿ. ಯಾವ ಭಾಗ, ಯಾವ ಊರು, ಯಾವ ತಿಂಗಳು ಯಾವ ವರ್ಷ ತೆಗೆದದ್ದು ಬರೆಯಿರಿ. ಕೆಲಸ ಮಾಡುತ್ತಿರುವ ಮನುಷ್ಯ ಇದ್ದರೆ ಏನು ಮಾಡುತ್ತಿದ್ದಾರೆ, ಕೈಯಲ್ಲಿರುವ ಉಪಕರಣಕ್ಕೆ ಅವರು ಏನಂತ ಕರೆಯುತ್ತಾರೆ ಅನ್ನೋದನ್ನು ಅವರನ್ನೇ ಕೇಳಿ ಬರೆಯಿರಿ, ಅವರ ಒಪ್ಪಿಗೆಯನ್ನೂ ಪಡೆಯಿರಿ. ವಿಕಿ ಲವ್ಸ್ ಮಾನ್ಯುಮೆಂಟ್ಸ್ ಅನ್ನೋ ಸ್ಪರ್ಧೆ 2010ರಲ್ಲಿ ನೆದರ್ಲೆಂಡ್ಸಿನಲ್ಲಿ ಶುರುವಾಗಿ ಮರುವರ್ಷ ಯುರೋಪಿನ ಹಲವು ದೇಶಗಳಿಗೆ ಹರಡಿತು. ಒಂದು ಲಕ್ಷಕ್ಕೂ ಹೆಚ್ಚು ಚಿತ್ರ ಬಂದು ಗಿನ್ನೆಸ್ ದಾಖಲೆಗೂ ಸೇರಿತು. ಅಲ್ಲಿ ಮುಖ್ಯ ನಿಯಮಗಳಲ್ಲಿ ಒಂದು, ಚಿತ್ರದಲ್ಲಿರುವ ಸ್ಮಾರಕ ಯಾವುದು ಅಂತ ಸ್ಪಷ್ಟವಾಗಿ ಗುರುತಿಸಿರಬೇಕು. ಹಾಗಾಗಿ ಬಹುಮಾನ ಬರದ ಚಿತ್ರಕ್ಕೂ ಅಲ್ಲಿ ಕೆಲಸ ಇದೆ, ಯಾರೋ ವಿಕಿಪೀಡಿಯಾದಲ್ಲಿ ಆ ಸ್ಮಾರಕದ ಬಗ್ಗೆ ಓದುವಾಗ ಅದು ಜೊತೆಗೆ ಕಾಣುತ್ತದೆ.

ಕ್ಲಬ್ ಸ್ಪರ್ಧೆಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಬಹುಮಾನ ಬಂದ ಕೆಲವು ಚಿತ್ರ ಗೋಡೆ ಏರುತ್ತವೆ, ಉಳಿದ ನೂರಾರು ಚಿತ್ರ ಯಾರದೋ ಲ್ಯಾಪ್‌ಟಾಪಿನಲ್ಲಿ ಉಳಿದು ಅದರ ಜೊತೆಗೇ ಹೋಗುತ್ತವೆ. ಅಷ್ಟೂ ಜನ ಅಷ್ಟೂ ಕಡೆ ಹೋಗಿ ತೆಗೆದದ್ದು! ತೆಗೆದವರ ಒಪ್ಪಿಗೆ ಇದ್ದರೆ ಎಲ್ಲ ಎಂಟ್ರಿಗಳನ್ನೂ ಪೂರ್ತಿ ಗಾತ್ರದಲ್ಲಿ, ವಿವರದ ಸಮೇತ ಒಂದು ಕಡೆ ಕೂಡಿಡಬೇಕು. ವಿವರ ಬೇರೆ ಕಾಗದದಲ್ಲಿ ಇದ್ದರೆ ಕಳೆದುಹೋಗುತ್ತದೆ, ವಿವರ ಬರೆಯಲೆಂದೇ ಇರುವ ಐಪಿಟಿಸಿ ಅನ್ನೋ ಜಾಗದಲ್ಲಿ ಫೈಲಿನ ಒಳಗೇ ಬರೆದರೆ ಚಿತ್ರದ ಜೊತೆ ಹೋಗುತ್ತದೆ. ಪ್ರತಿಗಳು ಒಂದಕ್ಕಿಂತ ಹೆಚ್ಚು ಕಡೆ ಇರಲಿ. ಹತ್ತಿರದ ಗ್ರಂಥಾಲಯವನ್ನೋ ವಸ್ತು ಸಂಗ್ರಹಾಲಯವನ್ನೋ ಕೇಳಿದರೆ ಒಂದು ಪ್ರತಿ ಇಟ್ಟುಕೊಳ್ಳಲು ಒಪ್ಪಬಹುದು.

ಇನ್ನೊಂದು ಆಸೆಯೂ ಇದೆ. 1977ರಿಂದ 1979ರವರೆಗೆ ಛಾಯಾಗ್ರಾಹಕ ಮಾರ್ಕ್ ಕ್ಲೆಟ್ ಮತ್ತು ಜೊತೆಗಾರರು ಅಮೆರಿಕದ ಪಶ್ಚಿಮ ಭಾಗದಲ್ಲಿ ಒಂದು ಕೆಲಸ ಮಾಡಿದರು. 19ನೇ ಶತಮಾನದ ಸರ್ವೆ ತಂಡಗಳ ಫೋಟೋಗಳನ್ನು ಹಿಡಿದುಕೊಂಡು, ಆ ಛಾಯಾಗ್ರಾಹಕ ನಿಂತ ಜಾಗವನ್ನೇ ಹುಡುಕಿ, ಅದೇ ಋತುವಿನ ಅದೇ ಹೊತ್ತಿನ ಬೆಳಕಿಗೆ ಕಾದು, ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನೂರು ವರ್ಷದಲ್ಲಿ ಆದದ್ದೆಲ್ಲ ಕಾಣುತ್ತದೆ. ಮುಂದಿನ ಸಲ ಪರಂಪರೆಯ ಸ್ಪರ್ಧೆಯಲ್ಲಿ ಇಂಥ ಜೋಡಿ ಚಿತ್ರಗಳಿಗೇ ಒಂದು ವಿಭಾಗ ಇರಲಿ. ಮನೆಯ ಆಲ್ಬಮ್ಮುಗಳಲ್ಲಿ ಹಳೇ ಫೋಟೋಗಳು ಬೇಕಾದಷ್ಟಿವೆ. ಮದುವೆಯ ಗುಂಪು ಫೋಟೋದ ಹಿಂದೆ ಒಂದು ಬೀದಿ ಇರುತ್ತದೆ, ಒಂದು ಬಾಗಿಲು ಇರುತ್ತದೆ. ಅಲ್ಲಿ ಹೋಗಿ ನಿಂತು ತೆಗೆಯಬಹುದು.

ಏಪ್ರಿಲ್ 18 ಸ್ಮಾರಕಗಳ ಅಂತರರಾಷ್ಟ್ರೀಯ ದಿನ. 1982ರಲ್ಲಿ ಸ್ಮಾರಕಗಳ ರಕ್ಷಣೆಗಿರುವ ಅಂತರರಾಷ್ಟ್ರೀಯ ಸಂಸ್ಥೆ ಐಕೊಮೊಸ್ ಸೂಚಿಸಿದ್ದನ್ನು 1983ರಲ್ಲಿ ಯುನೆಸ್ಕೊ ಒಪ್ಪಿಕೊಂಡಿತು. ನಮ್ಮ ಪ್ರದರ್ಶನವನ್ನು ಆ ವಾರದಲ್ಲೇ ಇಟ್ಟುಕೊಳ್ಳೋಣ ಅಂತ ಮುಂದಿನ ಸಭೆಯಲ್ಲಿ ಕೇಳುವವನಿದ್ದೇನೆ. ಅದರ ಜೊತೆಗೆ ಎಂಟ್ರಿ ಫಾರಮ್ಮಿನಲ್ಲಿ ಜಾಗ, ತಾರೀಖು, ವಿವರ ಈ ಮೂರನ್ನೂ ಕಡ್ಡಾಯ ಮಾಡಿ ಅಂತಲೂ ಕೇಳುತ್ತೇನೆ. ಒಪ್ಪುವವರು ಸಭೆಗೆ ಬಂದು ಕೈ ಎತ್ತಿ. ಫಾರಮ್ ಬದಲಾಗುವವರೆಗೆ ಕಾಯುವುದೂ ಬೇಡ, ಈ ಸಲದ ಎಂಟ್ರಿಗೇ ಆ ಮೂರನ್ನೂ ಫೈಲಿನ ಒಳಗೆ ಬರೆದು ಕಳಿಸಿ.